ಜಮಖಂಡಿ ನಗರಸಭೆಯಿಂದ ರಾಷ್ಟ್ರಪತಿ ಭವನದವರೆಗೆ

ಬೀಳಗಿಯಿಂದ ಪಶ್ಚಿಮಕ್ಕೆ ಹೊರಟರೆ ಜಮಖಂಡಿ, ಮುಧೋಳ, ರಬಕವಿ ಎಲ್ಲವೂ ಒಂದೆರಡು ತಾಸಿನ ಹಾದಿ. ಆದರೆ ಸ್ವಾತಂತ್ರ್ಯಕ್ಕೆ ಮೊದಲು ಈ ಹಾದಿ ಸವೆಸಿದವನು ನಾಲ್ಕು ಸರಕಾರಗಳ ಸೀಮೆಯನ್ನು ದಾಟಬೇಕಿತ್ತು. ಬೀಳಗಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನದ್ದು. ಹೀಗೆ ಹರಿದು ಹಂಚಿಹೋಗಿದ್ದ ನೆಲದಿಂದ ಹೊರಟ ಶಾಸಕರೊಬ್ಬರು ಮುಂದೆ ಐದೂವರೆ ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಅವರೇ ಬಸಪ್ಪ ದಾನಪ್ಪ ಜತ್ತಿ.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ತಂದೆಯದು ಕಿರಾಣಿ ವ್ಯಾಪಾರ. ಕೊಲ್ಹಾಪುರದಲ್ಲಿ ಪದವಿ ಮತ್ತು ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿ ಆರಂಭಿಸಿದರು. 1940ರಲ್ಲಿ ಅಲ್ಲಿನ ನಗರಸಭೆಯ ಸದಸ್ಯರಾದರು, ಮುಂದೆ ಅಧ್ಯಕ್ಷರೂ ಆದರು. ಅಲ್ಲಿಂದ ಸಂಸ್ಥಾನದ ಶಾಸನಸಭೆ, ಮಂತ್ರಿಗಿರಿ. 1948ರಲ್ಲಿ ಮುಖ್ಯಮಂತ್ರಿಗೆ ಸಮನಾದ ದಿವಾನ ಪದವಿ. ಆ ಪದವಿ ಬಹುಕಾಲ ಉಳಿಯುವಂಥದ್ದಲ್ಲ ಎಂಬುದು ಅವರಿಗೂ ಗೊತ್ತಿದ್ದಿರಬೇಕು. ಅದೇ ವರ್ಷದ ಮಾರ್ಚ್ 8ರಂದು ಜಮಖಂಡಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ದಿವಾನರು ಮತ್ತೆ ಕರಿ ಕೋಟು ತೊಟ್ಟು ಕೋರ್ಟಿಗೆ ಹೋದರು.

ಸುಮಾರು ಇಪ್ಪತ್ತು ತಿಂಗಳ ನಂತರ, ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ಅವರ ನಾಮಕರಣವಾಯಿತು. ಮುಖ್ಯಮಂತ್ರಿ ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿ ಸಂಪುಟದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಗೇಣಿಯ ಕಾನೂನು ಮಾತ್ರ ಒಂದಾಗಿರಲಿಲ್ಲ. ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು, ಹಳೆಯ ಮೈಸೂರು, ಒಂದೊಂದು ಕಡೆ ಒಂದೊಂದು ಕಾಯಿದೆ. ಅದನ್ನೆಲ್ಲ ಒಂದು ಹದಕ್ಕೆ ತರಲು ನೇಮಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಅದರ ಶಿಫಾರಸುಗಳಿಂದ ಹುಟ್ಟಿದ್ದು 1961ರ ಮೈಸೂರು ಭೂಸುಧಾರಣಾ ಕಾಯಿದೆ. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಭೂಮಿತಿ 27 ಸ್ಟ್ಯಾಂಡರ್ಡ್ ಎಕರೆ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಮಾಲೀಕ ಭೂಮಿ ಹಿಂಪಡೆಯಲು ಅದರಲ್ಲಿ ದಾರಿಯಿತ್ತು. ಕಾಯಿದೆ ಕಾಗದದ ಮೇಲಿದ್ದ ವರ್ಷಗಳು ಜಾಣ ಮಾಲೀಕರಿಗೆ ಬೇಕಾದಷ್ಟಾದವು. ಗೇಣಿ ಪದ್ಧತಿಯನ್ನೇ ತೆಗೆದುಹಾಕುವ ಕೆಲಸಕ್ಕೆ 1974ರ ದೇವರಾಜ ಅರಸು ಕಾಲದ ತಿದ್ದುಪಡಿಯೇ ಬೇಕಾಯಿತು. ಹಾಗೆಂದು ಜತ್ತಿ ಸಮಿತಿಯ ಕೆಲಸವನ್ನು ಹಗುರಾಗಿ ಕಾಣುವಂತಿಲ್ಲ. ಅರಸು ತಿದ್ದಿದ್ದು ಇದೇ ಕಾಯಿದೆಯನ್ನು.

1958ರ ಮೇ 16ರಂದು ಎಸ್. ನಿಜಲಿಂಗಪ್ಪನವರ ಜಾಗದಲ್ಲಿ ಜತ್ತಿ ಮುಖ್ಯಮಂತ್ರಿಯಾದರು. 1959ರ ಗ್ರಾಮ ಪಂಚಾಯತಿ ಕಾಯಿದೆ ಅವರ ಕಾಲದ್ದು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದರೂ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಆದರೂ ಜತ್ತಿಯವರಿಗೆ ಗಾದಿ ಮರಳಲಿಲ್ಲ. ಹುನಗುಂದದ ಎಸ್.ಆರ್. ಕಂಠಿ ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದರು. ನಿಜಲಿಂಗಪ್ಪ ಬೀಳಗಿಯ ನೆರೆಯ ಬಾಗಲಕೋಟೆಯಿಂದ ಆರಿಸಿಬಂದ ಮೇಲೆ ಅವರಿಗೆ ಸ್ಥಾನ ಬಿಟ್ಟುಕೊಟ್ಟರು. ಜತ್ತಿ ಅದೇ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿ ಕುಳಿತರು. ಮುಖ್ಯಮಂತ್ರಿಯಾಗಿದ್ದವರು ಇಳಿದು ಮಂತ್ರಿಯಾಗುವುದನ್ನು ಇಂದಿನವರು ಅಷ್ಟು ಸುಲಭಕ್ಕೆ ಒಪ್ಪಲಾರರು.

1968ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒರಿಸ್ಸಾದ ರಾಜ್ಯಪಾಲ. ಇಲ್ಲಿಂದ ಮುಂದೆ ಅವರ ಕೆಲಸ ಶಾಸನಸಭೆಯಲ್ಲಿ ಕೂರುವುದಲ್ಲ, ಸಭೆ ಉಳಿಯಬೇಕೋ ಬೇಡವೋ ಎಂದು ಹೇಳುವುದು. 1973ರ ಮಾರ್ಚ್‌ನಲ್ಲಿ ಒರಿಸ್ಸಾದ ಮುಖ್ಯಮಂತ್ರಿ ನಂದಿನಿ ಸತ್ಪತಿ ರಾಜೀನಾಮೆ ಕೊಟ್ಟರು. ಬಹುಮತ ತಮಗಿದೆ ಎಂದು ಬಿಜು ಪಟ್ನಾಯಕ್ ಹೇಳಿದರು. ರಾಜ್ಯಪಾಲರು ಅವರನ್ನು ಕರೆಯಲಿಲ್ಲ. ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ವಿಧಾನಸಭೆ ವಿಸರ್ಜನೆಯಾಯಿತು. ಮೂರು ಶಾಸನಸಭೆಗಳಲ್ಲಿ ಕುಳಿತು ಬಂದವರು ತಲೆ ಎಣಿಸುವ ಕೆಲಸವನ್ನು ಸದನಕ್ಕೇ ಬಿಡಬಹುದಿತ್ತು.

1974ರ ಆಗಸ್ಟ್‌ನಲ್ಲಿ ಜತ್ತಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಆ ಹೊಣೆ ಇವರ ಹೆಗಲಿಗೆ ಬಂತು. ಮಾರ್ಚ್ 24ರಂದು ಪ್ರಧಾನಿಯಾಗಿ ಪ್ರಮಾಣ ಸ್ವೀಕರಿಸಲು ಅವರೆದುರು ನಿಂತವರು ಮೊರಾರ್ಜಿ ದೇಸಾಯಿ!

ಹೊಸ ಜನತಾ ಸರಕಾರ ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಒರಿಸ್ಸಾ ಆ ಪಟ್ಟಿಯಲ್ಲಿತ್ತು, ಕರ್ನಾಟಕ ಇರಲಿಲ್ಲ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಅರ್ಜಿಗಳು ವಜಾ ಆದವು. ಸಂಪುಟದ ಸಲಹೆ ಬಂದರೂ ಜತ್ತಿ ಕೂಡಲೇ ಸಹಿ ಹಾಕಲಿಲ್ಲ. ಆದರೆ 1976ರ 42ನೆಯ ತಿದ್ದುಪಡಿಯ ಪ್ರಕಾರ ಸಂಪುಟದ ಸಲಹೆಗೆ ರಾಷ್ಟ್ರಪತಿ ಬದ್ಧ. ಮರುದಿನ, ಏಪ್ರಿಲ್ 30ರಂದು, ಸಹಿ ಬಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರ ರಾಷ್ಟ್ರಪತಿಗೆ ದೊರೆತದ್ದು 1978ರ 44ನೆಯ ತಿದ್ದುಪಡಿಯಿಂದ. ಜತ್ತಿಯವರ ಕೈಯಲ್ಲಿದ್ದುದು ಒಂದು ದಿನದ ವಿಳಂಬ ಮಾತ್ರ.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು. ಜತ್ತಿ 1979ರ ಆಗಸ್ಟ್‌ವರೆಗೆ ಉಪರಾಷ್ಟ್ರಪತಿಯಾಗಿ ಮುಂದುವರಿದರು. 1964ರಲ್ಲಿ ತಾವೇ ಕಟ್ಟಿದ್ದ ಬಸವ ಸಮಿತಿಯ ನಂಟು ಅವರಿಗೆ ಕೊನೆಯವರೆಗೂ ಇತ್ತು. 2002ರ ಜೂನ್ 7ರಂದು ನಿಧನರಾದರು.

ಅದಕ್ಕೆ ಎಂಟು ವರ್ಷ ಮೊದಲು, 1994ರ ಮಾರ್ಚ್ 11ರಂದು, ಎಸ್.ಆರ್. ಬೊಮ್ಮಾಯಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸರಕಾರದ ಬಹುಮತ ನಿರ್ಣಯವಾಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ. ಸಂಸತ್ತಿನ ಒಪ್ಪಿಗೆಗೆ ಮುನ್ನ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂದಿತು. ಆಗ ಜತ್ತಿಯವರಿಗೆ 81 ವರ್ಷ. ಒರಿಸ್ಸಾದ ಮುಖ್ಯಮಂತ್ರಿ ಸ್ಥಾನದಲ್ಲಿದ್ದವರು ಬಿಜು ಪಟ್ನಾಯಕ್.