ಕುದುರೆಯ ಮೈಮೇಲಿನ ಮಣಿಸಾಲು

ಕುದುರೆಯ ಕೂದಲು ಉದುರಿ ಚರ್ಮದ ಮೇಲೆ ಹುಣ್ಣು ಕಾಣಿಸಿಕೊಂಡಾಗ, ಎಲ್ಲವನ್ನೂ ಕಜ್ಜಿಯೆಂದೇ ಭಾವಿಸುವುದು ಸಾಮಾನ್ಯ. ಆದರೆ ಚರ್ಮವು ತನ್ನ ಬಾಧೆಯನ್ನು ತೋರ್ಪಡಿಸುವ ಬಗೆಗಳು ಕೆಲವೇ. ಆ ಬಾಧೆಗೆ ಕಾರಣಗಳಾದರೋ ಹಲವು. ಆದುದರಿಂದ ಪಶುವೈದ್ಯನು ಎರಡು ಪ್ರಶ್ನೆಗಳಿಂದ ಆರಂಭಿಸುತ್ತಾನೆ: ಕುದುರೆಗೆ ತುರಿಕೆಯಿದೆಯೇ? ಬಾಧೆ ಮೈಯ ಯಾವ ಭಾಗದಲ್ಲಿದೆ?

ಕುದುರೆಯು ಕೇಸರವನ್ನೂ ಬಾಲದ ಬುಡವನ್ನೂ ಕಂಬಕ್ಕೆ ಉಜ್ಜಿ ಬೋಳು ಮಾಡಿಕೊಂಡಿದ್ದರೆ, ಕ್ಯೂಲಿಕಾಯ್ಡಿಸ್ ಎಂಬ ಕಿರುನೊಣವನ್ನು ಶಂಕಿಸಬೇಕು. ಅದರ ಜೊಲ್ಲು ಕೆಲವು ಕುದುರೆಗಳ ಮೈಗೆ ಒಗ್ಗದು. ತುರಿಕೆ ಅಷ್ಟಾಗಿ ಇಲ್ಲದೆ, ಜೀನು ತಾಗುವೆಡೆಯಲ್ಲಿ ದುಂಡನೆಯ ಬೋಳು ಮಚ್ಚೆಗಳೆದ್ದರೆ ಅದು ಬಹುಶಃ ಹುಳುಕಡ್ಡಿ. ಮಚ್ಚೆಯ ಅಂಚಿನ ಕೂದಲನ್ನು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟ್ರೈಕೊಫೈಟನ್ ಶಿಲೀಂಧ್ರದ ಬೀಜಕಣಗಳನ್ನು ಕಾಣಬಹುದು. ಕಾಲಿನ ಕೆಳಭಾಗ ತುರಿಸಿ ಕುದುರೆ ಪದೇ ಪದೇ ಗೊರಸನ್ನು ಅಪ್ಪಳಿಸುತ್ತಿದ್ದರೆ, ಚರ್ಮದಿಂದ ಕೆರೆದು ತೆಗೆದ ಹೊಟ್ಟಿನಲ್ಲಿ ನುಸಿಗಳನ್ನು ಹುಡುಕಬೇಕು.

ಇವು ಪ್ರಾಣಕ್ಕೆ ಎರವಾಗುವುದು ವಿರಳ. ಆದರೆ ಉಪೇಕ್ಷಿಸಲಾಗದ ಚಿಹ್ನೆಯೊಂದುಂಟು. ಹಿಂಗಾಲಿನ ಒಳಮಗ್ಗುಲಲ್ಲಿ, ದಾರದಲ್ಲಿ ಪೋಣಿಸಿದ ಮಣಿಗಳಂತೆ ಗಂಟುಗಳು ಸಾಲಾಗಿ ಏಳುತ್ತವೆ. ಒಡೆದು ಜೇನಿನಂತಹ ಅಂಟು ಕೀವನ್ನು ಸುರಿಸುತ್ತವೆ. ದುಗ್ಧರಸನಾಳಗಳ ಜಾಡಿನಲ್ಲಿ ಹಬ್ಬುವ ಈ ವ್ಯಾಧಿಯೇ ಫಾರ್ಸಿ, ಎಂದರೆ ಗ್ಲ್ಯಾಂಡರ್ಸ್ ರೋಗದ ಚರ್ಮರೂಪ. ಇದರ ಬ್ಯಾಕ್ಟೀರಿಯವನ್ನು 1882ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಶುಟ್ಸ್ ಬೇರ್ಪಡಿಸಿದರು. ಇದು ಮನುಷ್ಯನಿಗೂ ಅಂಟುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಬಹುಮಟ್ಟಿಗೆ ಮಾರಕ.

ಇಲ್ಲಿಯೂ ಕಣ್ಣೊಂದನ್ನೇ ನಂಬುವಂತಿಲ್ಲ. ಹಿಸ್ಟೊಪ್ಲಾಸ್ಮ ಎಂಬ ಶಿಲೀಂಧ್ರವೂ ಇಂತಹುದೇ ಮಣಿಸಾಲನ್ನು ಎಬ್ಬಿಸಬಲ್ಲದು. ಆದಕಾರಣ ರಕ್ತಪರೀಕ್ಷೆ ಅವಶ್ಯ. ಹಳೆಯ ಕಾಲದಿಂದ ಬಂದ ಇನ್ನೊಂದು ಪರೀಕ್ಷೆಯೂ ಉಂಟು. ರೋಗಾಣುವಿನಿಂದಲೇ ತಯಾರಿಸಿದ ಮ್ಯಾಲೀನ್ ಎಂಬ ದ್ರವವನ್ನು ಕೆಳರೆಪ್ಪೆಗೆ ಚುಚ್ಚಿದರೆ, ರೋಗವಿರುವ ಕುದುರೆಯ ರೆಪ್ಪೆ 48 ಗಂಟೆಗಳೊಳಗೆ ಊದಿಕೊಂಡು ಕಣ್ಣಿನಿಂದ ಕೀವು ಒಸರುತ್ತದೆ.

ಭಾರತದಲ್ಲಿ ಈ ರೋಗಕ್ಕೆಂದೇ 1899ರಲ್ಲಿ ಕಾಯಿದೆಯೊಂದು ಜಾರಿಗೆ ಬಂದಿತ್ತು. ಇದೀಗ 2009ರ ಕಾಯಿದೆ ಅದರ ಸ್ಥಾನದಲ್ಲಿದೆ. 2006ರಲ್ಲಿ ರೋಗವು ಮಹಾರಾಷ್ಟ್ರದಲ್ಲಿ ಮತ್ತೆ ತಲೆದೋರಿತು. ರೋಗ ಖಚಿತವಾದ ಕುದುರೆಯನ್ನು ನೋವಿಲ್ಲದಂತೆ ಕೊಲ್ಲದೆ ವಿಧಿಯಿಲ್ಲ. ಅದನ್ನೇ ನಂಬಿದ ಬಡ ಜಟಕಾವಾಲನಿಗೆ ಇದು ಕಠೋರವೆನಿಸೀತು. ಆದರೆ ಗಂಟನ್ನು ಕಜ್ಜಿಯೆಂದು ಬರಿಗೈಯಿಂದ ತೊಳೆಯುವವನೂ ಅವನೇ. ಮಣಿಸಾಲು ಕಂಡ ದಿನವೇ ಕುದುರೆಯನ್ನು ಬೇರೆ ಕಟ್ಟಿ ಪಶುವೈದ್ಯನಿಗೆ ತಿಳಿಸಿದರೆ, ಉಳಿದ ಕುದುರೆಗಳೊಡನೆ ಅವನ ಪ್ರಾಣವೂ ಉಳಿದೀತು.