ಎಲ್ಲರಿಗೂ ಒಗ್ಗುವ ಓ ನೆಗೆಟಿವ್

ಹೈದರಾಬಾದಿನ ಮಣಿಕೊಂಡದಿಂದ ರಾಜೇಂದ್ರನಗರದ ಕಡೆ ಹೋದರೆ ಶಿವರಾಮಪಲ್ಲಿಯಲ್ಲಿ ಥಲಸ್ಸೇಮಿಯಾ ಅಂಡ್ ಸಿಕಲ್ ಸೆಲ್ ಸೊಸೈಟಿ ಇದೆ. ಈ ರಕ್ತದ ಕಾಯಿಲೆಗಳಿರುವ ಮಕ್ಕಳ ಹೆತ್ತವರು, ವೈದ್ಯರು, ದಾನಿಗಳು ಸೇರಿ 1998ರಲ್ಲಿ ಕಟ್ಟಿದ ಸಂಸ್ಥೆ. ಅದಕ್ಕೆ ತನ್ನದೇ ರಕ್ತನಿಧಿಯೂ ಇದೆ. ತೀವ್ರ ಥಲಸ್ಸೇಮಿಯಾ ಇರುವ ಮಕ್ಕಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಿಕೊಂಡೇ ಬದುಕಬೇಕು. ಅಂಥ ಮಗುವಿನ ಗುಂಪು ಓ ನೆಗೆಟಿವ್ ಆಗಿದ್ದರೆ ಹೆತ್ತವರ ಪಾಡು ಇನ್ನೂ ಕಷ್ಟ.

ಕೆಂಪು ರಕ್ತಕಣದ ಮೇಲೆ ಎ, ಬಿ ಎಂಬ ಗುರುತುಗಳಿರುವುದು ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ 1901ರ ಶೋಧದಿಂದ ತಿಳಿಯಿತು. ಆರ್‌ಎಚ್ ಎಂಬ ಮೂರನೆಯ ಗುರುತು ಗೊತ್ತಾದದ್ದು 1940ರಲ್ಲಿ. ಓ ನೆಗೆಟಿವ್ ಕಣದಲ್ಲಿ ಈ ಮೂರೂ ಗುರುತುಗಳಿಲ್ಲ. ಹಾಗಾಗಿ ಬಹುತೇಕ ಯಾರ ದೇಹವೂ ಅದನ್ನು ಪರಕೀಯವೆಂದು ಕೆಡವುವುದಿಲ್ಲ. ಹೊರವರ್ತುಲ ರಸ್ತೆಯಲ್ಲಿ ಪೆಟ್ಟಾಗಿ ಬಂದವರಿಗೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದವರಿಗೆ ಗುಂಪು ನೋಡಿ, ದಾನಿಯ ರಕ್ತ ಒಗ್ಗುತ್ತದೆಯೇ ಎಂದು ಪರೀಕ್ಷಿಸುವ ಕ್ರಾಸ್‌ಮ್ಯಾಚ್ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಬಹುದು. ಆ ಹೊತ್ತನ್ನು ದಾಟಿಸುವುದು ಫ್ರಿಜ್ಜಿನಲ್ಲಿರುವ ಓ ನೆಗೆಟಿವ್ ಚೀಲ.

ಎಲ್ಲರಿಗೂ ಕೊಡಬಲ್ಲ ಈ ಗುಂಪಿನವರು ಪಡೆಯಬೇಕಾದದ್ದು ಮಾತ್ರ ತಮ್ಮ ಗುಂಪಿನವರಿಂದಲೇ. ನಮ್ಮ ದೇಶದಲ್ಲಿ ನೂರಕ್ಕೆ ಇಬ್ಬರು ಸಿಕ್ಕರೆ ಹೆಚ್ಚು. ಕೆಂಪುಕಣಗಳ ಚೀಲ ಕೆಡದೆ ಇರುವುದು ಗರಿಷ್ಠ 42 ದಿನ. ಆದ್ದರಿಂದ ಕೈಗೆ ಸಿಕ್ಕಿತೆಂದು ಅದನ್ನು ಎ ಪಾಸಿಟಿವ್‌ನವರಿಗೆ ಏರಿಸಿಬಿಡುವುದು ದೊಡ್ಡ ನಷ್ಟ. ಗುಂಪು ಗೊತ್ತಾದ ಕೂಡಲೇ ಅದೇ ಗುಂಪಿನ ರಕ್ತಕ್ಕೆ ಬದಲಾಯಿಸಬೇಕು. ತುರ್ತಿನಲ್ಲಿ ಗಂಡಸರಿಗೆ, ಹೆರುವ ವಯಸ್ಸು ದಾಟಿದ ಹೆಂಗಸರಿಗೆ ಓ ಪಾಸಿಟಿವ್ ಸಾಮಾನ್ಯವಾಗಿ ನಡೆಯುತ್ತದೆ. ಓ ನೆಗೆಟಿವ್ ಅನ್ನು ಹೆಣ್ಣುಮಕ್ಕಳಿಗೂ ಹೆರುವ ವಯಸ್ಸಿನ ಹೆಂಗಸರಿಗೂ ಉಳಿಸಿಡಬೇಕು. ಆರ್‌ಎಚ್ ನೆಗೆಟಿವ್ ಹೆಣ್ಣಿಗೆ ಪಾಸಿಟಿವ್ ರಕ್ತ ಹೋದರೆ ಮುಂದೆ ಅವಳ ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ ಅಪಾಯವಾಗಬಹುದು.

ಓ ನೆಗೆಟಿವ್ ರಕ್ತವೂ ಒಗ್ಗದವರಿದ್ದಾರೆ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಬಾಂಬೆ ಗುಂಪಿನವರಿಗೆ ಬಾಂಬೆ ರಕ್ತವೇ ಬೇಕು. ಮಾಮೂಲು ಪರೀಕ್ಷೆಯಲ್ಲಿ ಅವರದು ಓ ಎಂದೇ ತೋರುವುದರಿಂದ ಕ್ರಾಸ್‌ಮ್ಯಾಚ್ ಅನ್ನು ಸುಮ್ಮನೆ ಬಿಡುವಂತಿಲ್ಲ.

ನಿಮ್ಮದು ಓ ನೆಗೆಟಿವ್ ಆಗಿದ್ದರೆ ಹತ್ತಿರದ ರಕ್ತನಿಧಿಯಲ್ಲಿ ಹೆಸರು, ಫೋನ್ ನಂಬರ್ ಬರೆಸಿಡಿ. ಕರೆ ಬಂದಾಗ ಹೋಗಿ. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಒಮ್ಮೆ ಕೊಡಬಹುದು. ಬೇರೆ ಗುಂಪಿನವರೂ ತಪ್ಪದೆ ಕೊಡಿ. ನಿಮ್ಮ ಗುಂಪಿನ ರಕ್ತ ಸಾಕಷ್ಟಿದ್ದರೆ ಶಿವರಾಮಪಲ್ಲಿಗೆ ಬರುವಂಥ ಮಕ್ಕಳ ಪಾಲಿನ ಓ ನೆಗೆಟಿವ್ ಉಳಿಯುತ್ತದೆ.