ವಿಡಿಯೋ ಗೇಮ್ ಉದ್ಯಮದ ಗತಿಯೂ ಅದರ ಆಕರಗಳ ಅಳಿವೂ

ಒಂದು ಉದ್ಯಮದ ಇತಿಹಾಸವನ್ನು ಬರೆಯಹೊರಟವರಿಗೆ ಆ ಉದ್ಯಮವು ತಯಾರಿಸಿದ ಸರಕೇ ಮೊದಲನೆಯ ಆಕರ. ಗಿರಣಿಯ ಬಟ್ಟೆ, ಅಚ್ಚುಕೂಟದ ಪುಸ್ತಕ, ಟಂಕಸಾಲೆಯ ನಾಣ್ಯ ಇವೆಲ್ಲ ತಯಾರಿಸಿದವರು ಕಣ್ಮರೆಯಾದ ಮೇಲೂ, ನೆಲದೊಳಗೋ ಅಟ್ಟದ ಮೇಲೋ, ಎಲ್ಲಿಯಾದರೂ ಒಂದು ಕಡೆ ಉಳಿದಿರುತ್ತವೆ. ವಿಡಿಯೋ ಗೇಮುಗಳ ಉದ್ಯಮವು ಈ ನಿಯಮಕ್ಕೆ ಹೊರತಾಗುತ್ತ ಬಂದಿದೆ. ವರ್ಷಕ್ಕೆ ಸುಮಾರು ೧೮,೦೦೦ ಕೋಟಿ ಡಾಲರುಗಳ ವ್ಯವಹಾರವೆಂದು ಈಚಿನ ಅಂದಾಜುಗಳು ಹೇಳುವ, ಅದರಲ್ಲಿ ಅರ್ಧದಷ್ಟು ಮೊಬೈಲ್ ಫೋನುಗಳಿಂದಲೇ ಬರುವ ಈ ಉದ್ಯಮವು ಹುಟ್ಟಿ ಇನ್ನೂ ಅರುವತ್ತು ವರ್ಷಗಳಾಗಿಲ್ಲ. ಹೀಗಿದ್ದರೂ, ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಅಮೆರಿಕದ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ೨೦೧೦ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಆಗ ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಉದ್ಯಮದ ಗತಿಯನ್ನು ಸ್ಥೂಲವಾಗಿ ನಿರೂಪಿಸಿ, ಮಾರಾಟದ ಕ್ರಮವು ಬದಲಾದ ಹಾಗೆಲ್ಲ ಉಳಿಯತಕ್ಕ ಸಾಮಗ್ರಿಯೂ ಹೇಗೆ ಬದಲಾಯಿತೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡಬೇಕೆಂದಿದ್ದೇವೆ. ಆಟಗಳಿಂದ ಮಕ್ಕಳಿಗಾಗುವ ಒಳಿತು ಕೆಡುಕುಗಳ ಚರ್ಚೆಯನ್ನು ಇತರರು ಸಾಕಷ್ಟು ನಡೆಸುತ್ತಿದ್ದಾರೆ. ಅದು ನಮ್ಮ ವಿಷಯವಲ್ಲ.

ಉದ್ಯಮಕ್ಕೆ ಮುಂಚಿನ ಒಂದು ಸಂಗತಿಯನ್ನು ಮೊದಲು ಹೇಳಬೇಕು. ೧೯೫೮ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಎಂಬುವರು, ಪ್ರಯೋಗಾಲಯವನ್ನು ನೋಡಲು ಬರುವ ಜನರ ಬೇಸರ ಕಳೆಯಲೆಂದು, ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಇಬ್ಬರು ಆಡಬಹುದಾದ ಟೆನಿಸ್ ಆಟವೊಂದನ್ನು ರಚಿಸಿದರು. ಜನ ಸಾಲುಗಟ್ಟಿ ನಿಂತು ಆಡಿದರು. ಮರುವರ್ಷದ ಪ್ರದರ್ಶನ ಮುಗಿದ ಬಳಿಕ ಯಂತ್ರವನ್ನು ಬಿಚ್ಚಿ ಅದರ ಭಾಗಗಳನ್ನು ಬೇರೆ ಕೆಲಸಗಳಿಗೆ ಬಳಸಿಕೊಳ್ಳಲಾಯಿತು. ಅದು ಕಾಪಾಡತಕ್ಕ ವಸ್ತುವೆಂದು ಯಾರಿಗೂ, ಸ್ವತಃ ರಚಿಸಿದವರಿಗೂ, ತೋರಲಿಲ್ಲ. ಈ ಅಲಕ್ಷ್ಯವು ಮುಂದೆ ಉದ್ಯಮದ ಸ್ವಭಾವವೇ ಆಯಿತೆನ್ನಬಹುದು.

ವ್ಯಾಪಾರವು ನಿಜವಾಗಿ ಆರಂಭವಾದುದು ೧೯೭೨ರಲ್ಲಿ. ಆ ವರ್ಷ ಮ್ಯಾಗ್ನವಾಕ್ಸ್ ಸಂಸ್ಥೆ ಮನೆಯ ಟೆಲಿವಿಷನ್ನಿಗೆ ಜೋಡಿಸುವ ‘ಒಡಿಸಿ’ ಯಂತ್ರವನ್ನೂ, ಅಟಾರಿ ಸಂಸ್ಥೆ ನಾಣ್ಯ ಹಾಕಿ ಆಡುವ ‘ಪಾಂಗ್’ ಯಂತ್ರವನ್ನೂ ಹೊರತಂದವು. ೧೯೭೭ರಲ್ಲಿ ಅಟಾರಿ ತಂದ ಮನೆಯ ಯಂತ್ರದಲ್ಲಿ ಆಟಗಳು ಕಾರ್ಟ್ರಿಜ್ ಎಂಬ ಬಿಡಿ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಕಾರ್ಟ್ರಿಜ್ಜಿನ ಒಳಗಿನ ಚಿಪ್ಪಿನಲ್ಲಿ ಇಡೀ ಆಟ ಅಡಕವಾಗಿರುತ್ತಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕೊಂಡವನ ಕೈಗೆ ಬಂದುದು ಪೂರ್ಣವಾದ ವಸ್ತು. ಆಮೇಲೆ ತಯಾರಕನ ಹಂಗು ಅದಕ್ಕಿರಲಿಲ್ಲ.

ವಸ್ತು ಉಳಿದರೂ ಕರ್ತೃವಿನ ಹೆಸರು ಉಳಿಯುವಂತಿರಲಿಲ್ಲ. ಆಟ ರಚಿಸಿದವರ ಹೆಸರನ್ನು ಅಟಾರಿ ಪ್ರಕಟಿಸುತ್ತಿರಲಿಲ್ಲ. ಇದರಿಂದ ನೊಂದ ವಾರನ್ ರಾಬಿನೆಟ್ ಎಂಬುವರು ತಮ್ಮ ‘ಅಡ್ವೆಂಚರ್’ ಆಟದೊಳಗೆ ಗುಪ್ತವಾದ ಕೋಣೆಯೊಂದನ್ನು ಕಲ್ಪಿಸಿ ಅಲ್ಲಿ ತಮ್ಮ ಹೆಸರನ್ನು ಬರೆದಿಟ್ಟರು. ಸಂಸ್ಥೆಗೆ ಇದು ತಿಳಿದುದು ಆಟಗಾರರಿಂದ. ಬೇಲೂರಿನ ಮದನಿಕೆಯರ ಪೀಠಗಳ ಮೇಲೆ ತಮ್ಮ ಹೆಸರುಗಳನ್ನು ರಾಜಾರೋಷವಾಗಿ ಕೆತ್ತಿಕೊಂಡ ದಾಸೋಜ, ಚಾವಣರ ಭಾಗ್ಯ ಈ ಕುಶಲಿಗಳಿಗಿರಲಿಲ್ಲ. ಇದೇ ಅಸಮಾಧಾನದಿಂದ ಅಟಾರಿಯನ್ನು ಬಿಟ್ಟು ಹೊರಬಂದ ಕೆಲವರು ೧೯೭೯ರಲ್ಲಿ ಆಕ್ಟಿವಿಷನ್ ಸಂಸ್ಥೆಯನ್ನು ಕಟ್ಟಿದರು. ಅನ್ಯರ ಯಂತ್ರಕ್ಕೆ ಆಟಗಳನ್ನು ಮಾತ್ರ ರಚಿಸಿ ಮಾರುವ ಸ್ವತಂತ್ರ ವೃತ್ತಿ ಹುಟ್ಟಿದುದು ಹೀಗೆ.

ಆದರೆ ಯಾರು ಬೇಕಾದರೂ ಕಾರ್ಟ್ರಿಜ್ಜು ಮಾಡಬಹುದಾದಾಗ ಮಾರುಕಟ್ಟೆ ಕಳಪೆ ಸರಕಿನಿಂದ ತುಂಬಿತು. ೧೯೮೨ರ ಹಬ್ಬದ ಮಾರಾಟಕ್ಕೆಂದು ಸುಮಾರು ಐದು ವಾರಗಳಲ್ಲಿ ಅವಸರದಿಂದ ಸಿದ್ಧಪಡಿಸಿದ ‘ಇ.ಟಿ.’ ಎಂಬ ಆಟವನ್ನು ಅಟಾರಿ ಅಪಾರ ಸಂಖ್ಯೆಯಲ್ಲಿ ತಯಾರಿಸಿ ಕೈಸುಟ್ಟುಕೊಂಡಿತು. ೧೯೮೩ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿದುಬಿತ್ತು. ವರ್ಷಕ್ಕೆ ೩೦೦ ಕೋಟಿ ಡಾಲರುಗಳನ್ನು ಮೀರಿದ್ದ ವ್ಯಾಪಾರ ೧೯೮೫ರ ಹೊತ್ತಿಗೆ ಸುಮಾರು ೧೦ ಕೋಟಿಗೆ ಇಳಿಯಿತೆಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಮಾರಾಟವಾಗದ ಸರಕನ್ನು ಅಟಾರಿ ನ್ಯೂ ಮೆಕ್ಸಿಕೋ ರಾಜ್ಯದ ಆಲಮೊಗೋರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಿಸಿತು. ಇದು ಕಟ್ಟುಕಥೆಯೆಂದು ಅನೇಕರು ಬಗೆದಿದ್ದರು. ೨೦೧೪ರ ಏಪ್ರಿಲಿನಲ್ಲಿ ಪುರಾತತ್ತ್ವಜ್ಞರ ಸಮಕ್ಷಮದಲ್ಲಿಯೇ ಅಲ್ಲಿ ಅಗೆತ ನಡೆದು ಸುಮಾರು ೧,೩೦೦ ಕಾರ್ಟ್ರಿಜ್ಜುಗಳು ಹೊರಬಂದವು, ಒಂದು ‘ಇ.ಟಿ.’ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ಉದ್ಯಮವೇ ನಾಚಿ ಹೂತುಹಾಕಿದ ಸರಕು ಮೂವತ್ತು ವರ್ಷಗಳ ತರುವಾಯ ಆಕರವಾಗಿ ದೊರೆಯಿತು. ಮುಂದೆ ಹೇಳಲಿರುವ ಆಟಗಳಿಗೆ ಇಂಥ ಅಗೆತ ಸಾಧ್ಯವಿಲ್ಲ.

ಕುಸಿದ ಮಾರುಕಟ್ಟೆಯನ್ನು ಎತ್ತಿ ನಿಲ್ಲಿಸಿದುದು ೧೮೮೯ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟೆಲೆಗಳ ತಯಾರಿಕೆಗೆಂದು ಸ್ಥಾಪಿತವಾದ ನಿಂಟೆಂಡೊ. ಅದು ೧೯೮೫ರಲ್ಲಿ ಅಮೆರಿಕಕ್ಕೆ ತಂದ ಯಂತ್ರದಲ್ಲಿ ಬೀಗದಂತೆ ಕೆಲಸ ಮಾಡುವ ಚಿಪ್ಪೊಂದಿತ್ತು. ನಿಂಟೆಂಡೊ ಒಪ್ಪಿಗೆಯಿಲ್ಲದ ಕಾರ್ಟ್ರಿಜ್ಜನ್ನು ಹಾಕಿದರೆ ಯಂತ್ರ ನಡೆಯುತ್ತಿರಲಿಲ್ಲ. ಕಳಪೆ ಸರಕನ್ನು ತಡೆಯಲು ಇದು ಬೇಕಾಗಿತ್ತೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆಟ ಮಾರಾಟವಾದ ಮೇಲೂ ಅದರ ಮೇಲೆ ಸಂಸ್ಥೆಯ ಹಿಡಿತ ಉಳಿಯಬೇಕೆಂಬ ತತ್ತ್ವ ಅಲ್ಲಿಂದ ಬೇರೂರಿತು.

ಈ ತತ್ತ್ವವು ಪೂರ್ಣವಾಗಿ ಫಲಿಸಿದುದು ಅಂತರ್ಜಾಲ ಬಂದ ಮೇಲೆ. ೨೦೦೩ರಲ್ಲಿ ವಾಲ್ವ್ ಸಂಸ್ಥೆ ‘ಸ್ಟೀಮ್’ ಎಂಬ ಏರ್ಪಾಟನ್ನು ಆರಂಭಿಸಿತು. ಕ್ರಮೇಣ ಪೆಟ್ಟಿಗೆ, ತಟ್ಟೆಗಳ ಅಗತ್ಯವಿಲ್ಲದೆ ಆಟವು ತಂತಿಯ ಮೂಲಕವೇ ಮನೆಗೆ ಬರತೊಡಗಿತು. ಅದೇ ಕಾಲಕ್ಕೆ ದಕ್ಷಿಣ ಕೊರಿಯದಲ್ಲಿ ಆಟವನ್ನು ಬಿಟ್ಟಿಯಾಗಿ ಕೊಟ್ಟು, ಒಳಗಿನ ಉಡುಪು, ಆಯುಧ, ಅಲಂಕಾರಗಳನ್ನು ಮಾರುವ ಕ್ರಮವು ಬೆಳೆಯಿತು. ೨೦೦೮ರಲ್ಲಿ ಆಪಲ್ ಸಂಸ್ಥೆ ತನ್ನ ಫೋನಿಗೆ ಆಪ್ ಅಂಗಡಿಯನ್ನು ತೆರೆದ ನಂತರ ಈ ಕ್ರಮ ಎಲ್ಲೆಡೆ ಹಬ್ಬಿತು. ಇಂದು ಉದ್ಯಮದ ಬಹುಪಾಲು ಆದಾಯ ಆಟದ ಮಾರಾಟದಿಂದಲ್ಲ, ವರ್ಷಗಟ್ಟಲೆ ನಡೆಯುವ ಆಟದೊಳಗಿನ ಬಿಡಿ ಖರೀದಿಗಳಿಂದ ಬರುತ್ತದೆ. ಆದುದರಿಂದ ಆಟವು ಸರಕಲ್ಲ, ಸೇವೆ ಎಂದು ಸಂಸ್ಥೆಗಳು ಹೇಳತೊಡಗಿದವು.

ಸೇವೆಯಾದ ಆಟವು ಎರಡು ಭಾಗವಾಗಿರುತ್ತದೆ. ಆಡುವವನ ಯಂತ್ರದಲ್ಲಿರುವ ಭಾಗ ಚಿತ್ರ, ಧ್ವನಿಗಳನ್ನು ತೋರಿಸುತ್ತದೆ. ಯಾರು ಗೆದ್ದರು, ಯಾರ ಬಳಿ ಏನಿದೆ, ನಿಯಮವೇನು ಎಂಬುದನ್ನು ನಿರ್ಣಯಿಸುವ ಭಾಗ ಸಂಸ್ಥೆಯ ಸರ್ವರ್ ಎಂಬ ದೂರದ ಯಂತ್ರದಲ್ಲಿರುತ್ತದೆ. ಈ ಎರಡನೆಯದು ಎಂದೂ ಕೊಂಡವನ ಕೈ ಸೇರುವುದಿಲ್ಲ. ಅದನ್ನು ನಿಲ್ಲಿಸಿದ ಗಳಿಗೆಯಲ್ಲಿ ಮೊದಲನೆಯದು ನಿರುಪಯೋಗಿ. ಯೂಬಿಸಾಫ್ಟ್ ಸಂಸ್ಥೆ ೨೦೧೪ರಲ್ಲಿ ಹೊರತಂದ ‘ದಿ ಕ್ರೂ’ ಎಂಬ ಕಾರೋಟದ ಆಟದಲ್ಲಿ ಒಬ್ಬನೇ ಆಡಬಹುದಾದ ಭಾಗವೂ ಇತ್ತು. ಆದರೂ ೨೦೨೪ರ ಮಾರ್ಚ್ ೩೧ರಂದು ಸರ್ವರುಗಳನ್ನು ನಿಲ್ಲಿಸಿದಾಗ ಹಣ ಕೊಟ್ಟು ಕೊಂಡಿದ್ದವರಿಗೂ ಆಟವೆಲ್ಲ ಇಲ್ಲವಾಯಿತು. ಅದೇ ವರ್ಷ ಸೋನಿಯ ‘ಕಾಂಕಾರ್ಡ್’ ಎಂಬ ಆಟವು ಆಗಸ್ಟ್ ೨೩ರಂದು ಹುಟ್ಟಿ ಸೆಪ್ಟೆಂಬರ್ ೬ರಂದು ಮುಚ್ಚಿಹೋಯಿತು. ಕೊಂಡವರಿಗೆ ಹಣ ಹಿಂತಿರುಗಿತೆಂಬುದು ನಿಜ; ಆದರೆ ಹಲವು ವರ್ಷಗಳ ಕಾಲ ಅನೇಕ ಕುಶಲಿಗಳು ದುಡಿದ ಕೃತಿಯ ಆಯುಸ್ಸು ಎರಡು ವಾರ.

ಬದುಕಿರುವ ಆಟದ ಕಥೆಯೂ ಸರಳವಲ್ಲ. ೨೦೧೭ರಲ್ಲಿ ಪ್ರಸಿದ್ಧಿಗೆ ಬಂದ ‘ಫೋರ್ಟ್‌ನೈಟ್’ ಆಟದ ಭೂಪಟ, ಆಯುಧ, ನಿಯಮಗಳು ಆಗಾಗ್ಗೆ ಬದಲಾಗುತ್ತಿರುತ್ತವೆ. ಹಳೆಯದರ ಮೇಲೆಯೇ ಹೊಸದನ್ನು ಬರೆಯುವುದು ಅದರ ಕ್ರಮ. ನಮ್ಮ ಗ್ರಂಥಸಂಪಾದಕರು ಓಲೆಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ಮೂಲಪಾಠವನ್ನು ಊಹಿಸಬಲ್ಲರು, ಏಕೆಂದರೆ ಪ್ರತಿಗಳು ಬೇರೆ ಬೇರೆ ಕೈಗಳಲ್ಲಿ ಚದುರಿವೆ. ಇಲ್ಲಿ ಆಡಬಲ್ಲ ಪ್ರತಿ ಒಂದೇ, ಅದೂ ಕರ್ತೃವಿನ ಬಳಿ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ೨೦೦೪ರ ಹಳೆಯ ರೂಪವನ್ನು ಅಭಿಮಾನಿಗಳು ‘ನೊಸ್ಟಾಲ್ರಿಯಸ್’ ಎಂಬ ತಮ್ಮದೇ ಸರ್ವರಿನಲ್ಲಿ ಮರಳಿ ಕಟ್ಟಿದ್ದರು. ೨೦೧೬ರಲ್ಲಿ ಸಂಸ್ಥೆಯ ವಕೀಲರಿಂದ ನೋಟೀಸು ಬಂದು ಅದನ್ನು ಮುಚ್ಚಬೇಕಾಯಿತು. ಮೂರು ವರ್ಷಗಳ ಮೇಲೆ, ೨೦೧೯ರಲ್ಲಿ, ಅದೇ ಹಳೆಯ ರೂಪವನ್ನು ‘ಕ್ಲಾಸಿಕ್’ ಎಂಬ ಹೆಸರಿನಿಂದ ಸಂಸ್ಥೆಯೇ ಮಾರುಕಟ್ಟೆಗೆ ತಂದಿತು! ಹಳೆಯ ಆಟಕ್ಕೆ ಗಿರಾಕಿಗಳಿಲ್ಲವೆಂಬ ವಾದವನ್ನು ಕೇಳಿದಾಗ ನಮಗೆ ಈ ಪ್ರಸಂಗ ನೆನಪಾಗುತ್ತದೆ.

ಉದ್ಯಮದ ಮುಂದಿನ ದಾರಿ ಯಾವುದು? ಬಂಡವಾಳವು ಕೆಲವೇ ಕೈಗಳಲ್ಲಿ ಸೇರುತ್ತಿದೆ. ಕರ್ತೃವಿನ ಹೆಸರಿಗಾಗಿ ಹುಟ್ಟಿದ ಆ ಆಕ್ಟಿವಿಷನ್ ಬೆಳೆದು, ಬೇರೊಂದು ಸಂಸ್ಥೆಯೊಡನೆ ಕೂಡಿ, ೨೦೨೩ರ ಅಕ್ಟೋಬರಿನಲ್ಲಿ ಸುಮಾರು ೬,೯೦೦ ಕೋಟಿ ಡಾಲರುಗಳಿಗೆ ಮೈಕ್ರೋಸಾಫ್ಟಿನ ವಶವಾಯಿತು. ಮೂರು ತಿಂಗಳಲ್ಲಿ ಮೈಕ್ರೋಸಾಫ್ಟಿನ ಆಟದ ವಿಭಾಗದಿಂದ ೧,೯೦೦ ಮಂದಿ ಕೆಲಸ ಕಳೆದುಕೊಂಡರು. ದೊಡ್ಡ ಆಟದ ತಯಾರಿಕೆಗೆ ಹಿಡಿಯುವ ಹಣವೂ ಕಾಲವೂ ಬೆಳೆದಂತೆ, ಒಂದೇ ಆಟದಿಂದ ಹತ್ತು ವರ್ಷ ಆದಾಯ ಬರುವಂತಿರಬೇಕೆಂಬ ಆಸೆಯೂ ಬೆಳೆಯುತ್ತದೆ. ಅಂಥ ಆಟಗಳಲ್ಲಿ ಗೆಲ್ಲುವುವು ಕೆಲವು, ಮುಚ್ಚಿಹೋಗುವುವು ಹಲವು. ಮಾಸಿಕ ಚಂದಾ ಕೊಟ್ಟು ಆಡುವ ಪದ್ಧತಿಯೂ ಹಬ್ಬಿದೆ. ಆಟವನ್ನು ದೂರದ ಯಂತ್ರದಲ್ಲಿಯೇ ನಡೆಸಿ ಚಿತ್ರವನ್ನು ಮಾತ್ರ ಮನೆಗೆ ಕಳುಹಿಸುವ ಗೂಗಲ್‌ನ ‘ಸ್ಟೇಡಿಯಾ’ ೨೦೧೯ರಲ್ಲಿ ಆರಂಭವಾಗಿ ೨೦೨೩ರ ಜನವರಿಯಲ್ಲಿ ನಿಂತಿತಾದರೂ, ಆ ಮಾರ್ಗವನ್ನು ಇತರ ಸಂಸ್ಥೆಗಳು ಬಿಟ್ಟಿಲ್ಲ. ಅದು ನೆಲೆಯೂರಿದರೆ ಕೊಂಡವನ ಮನೆಯಲ್ಲಿ ಆಟದ ಯಾವ ಭಾಗವೂ ಇರುವುದಿಲ್ಲ.

ಇದಕ್ಕೆ ಪ್ರತಿಯಾದ ಪ್ರಯತ್ನಗಳೂ ನಡೆದಿವೆ. ೨೦೨೫ರ ಜನವರಿಯಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾನೂನಿನ ಮೇರೆಗೆ, ಕೊಡುತ್ತಿರುವುದು ಬರಿಯ ಪರವಾನಗಿಯೆಂದು ಸ್ಪಷ್ಟವಾಗಿ ತಿಳಿಸದೆ ಅಂಥ ಸರಕಿಗೆ ‘ಕೊಳ್ಳಿರಿ’ ಎಂಬ ಮಾತನ್ನು ಬಳಸಕೂಡದು. ‘ದಿ ಕ್ರೂ’ ಮುಚ್ಚಿದುದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿಯ ಮನವಿಗೆ ಯೂರೋಪಿನಲ್ಲಿ ೨೦೨೫ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಸಹಿಗಳು ಬಿದ್ದವು. ಸರ್ವರನ್ನು ನಿಲ್ಲಿಸುವ ಮುನ್ನ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಬೇಕೆಂಬುದು ಅವರ ಬೇಡಿಕೆ; ನಷ್ಟದಲ್ಲಿರುವ ಸರ್ವರನ್ನು ಎಂದೆಂದಿಗೂ ನಡೆಸಬೇಕೆಂಬುದಲ್ಲ. ಇದು ನ್ಯಾಯವಾದುದೆಂದು ನಮ್ಮ ಅಭಿಪ್ರಾಯ. ಆದರೆ ವಿದ್ವಾಂಸರ ಪಾಲಿಗೆ ಬಂದ ಉತ್ತರ ಆಶಾದಾಯಕವಾಗಿಲ್ಲ. ಮಾರಾಟದಲ್ಲಿಲ್ಲದ ಹಳೆಯ ಆಟಗಳನ್ನು ಗ್ರಂಥಾಲಯಗಳು ದೂರದ ಸಂಶೋಧಕರಿಗೂ ಒದಗಿಸಲು ಅವಕಾಶ ಬೇಕೆಂದು ಕೇಳಿದಾಗ, ೨೦೨೪ರ ಅಕ್ಟೋಬರಿನಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ನಿರಾಕರಿಸಿತು. ಸಂಶೋಧನೆಯ ಹೆಸರಿನಲ್ಲಿ ಜನರು ವಿನೋದಕ್ಕಾಗಿ ಆಡಿಬಿಟ್ಟಾರೆಂಬ ಆತಂಕ ಅದಕ್ಕೊಂದು ಕಾರಣ. ಕಾದಂಬರಿಯನ್ನು ಸಂತೋಷಕ್ಕಾಗಿ ಓದಿಯಾರೆಂದು ಗ್ರಂಥಾಲಯದ ಬಾಗಿಲು ಹಾಕಿದವರನ್ನು ನಾವು ಕಾಣೆವು.

ಫ್ರಾನ್ಸ್ ದೇಶವು ೧೯೯೨ರ ಕಾನೂನಿನಿಂದಲೂ, ಜಪಾನ್ ೨೦೦೦ದಿಂದಲೂ, ಪ್ರಕಟವಾದ ಆಟಗಳ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸುವ ವ್ಯವಸ್ಥೆ ಮಾಡಿವೆ. ಆದರೆ ತಟ್ಟೆ ಬಂದರೂ ಸರ್ವರ್ ಬಾರದು. ನಮ್ಮಲ್ಲಿ ೧೯೫೪ರ ಗ್ರಂಥ ಸಲ್ಲಿಕೆಯ ಕಾನೂನು ಪುಸ್ತಕಗಳಿಗೂ, ಮುಂದೆ ಸೇರಿಸಿದ ವೃತ್ತಪತ್ರಿಕೆಗಳಿಗೂ ಸಂಬಂಧಿಸಿದುದು. ಆಟಗಳ ಮಾತು ಅದರಲ್ಲಿಲ್ಲ.

ಭಾರತದ ವಿಷಯದಲ್ಲಿ ಈ ಕೊರತೆ ಇನ್ನೂ ತೀವ್ರವಾದುದು. ೧೯೯೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೨೦೧೯ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯನ್ನು ಸೇರಿದ ಧ್ರುವ ಇಂಟರಾಕ್ಟಿವ್, ಹೊರದೇಶಗಳ ದೊಡ್ಡ ಆಟಗಳಿಗೆ ಚಿತ್ರಗಳನ್ನೂ ಮಾದರಿಗಳನ್ನೂ ಗುತ್ತಿಗೆಯ ಮೇಲೆ ಮಾಡಿಕೊಡುತ್ತಿತ್ತು. ಅಂಥ ಕೆಲಸದಲ್ಲಿ ಇಲ್ಲಿಯ ಕೈಗಳ ಗುರುತು ಆಟದ ಹೆಸರಿನಡಿ ಅಡಗಿಹೋಗುತ್ತದೆ. ಆಡುವವರ ಕಡೆ ನೋಡಿದರೆ, ನಮ್ಮ ಬಹುಪಾಲು ಜನ ಕನ್ಸೋಲ್ ಯಂತ್ರಗಳನ್ನು ಕಾಣದೆ ನೇರವಾಗಿ ಫೋನಿನ ಆಟಕ್ಕೆ ಬಂದವರು. ಆದುದರಿಂದ ಅಟ್ಟದ ಮೇಲೆ ಕಾರ್ಟ್ರಿಜ್ಜು ಸಿಕ್ಕೀತೆಂಬ ಭರವಸೆಯೂ ಇಲ್ಲ. ೨೦೨೦ರ ಸೆಪ್ಟೆಂಬರಿನಲ್ಲಿ ಸರ್ಕಾರ ‘ಪಬ್‌ಜಿ ಮೊಬೈಲ್’ ಆಟವನ್ನು ತಡೆಹಿಡಿದುದೂ, ೨೦೨೫ರ ಆಗಸ್ಟಿನಲ್ಲಿ ಹಣವೊಡ್ಡಿ ಆಡುವ ಆಟಗಳನ್ನು ಪಾರ್ಲಿಮೆಂಟು ನಿಷೇಧಿಸಿದುದೂ ರಾಜ್ಯಪತ್ರಗಳಲ್ಲಿ, ಪತ್ರಿಕೆಗಳಲ್ಲಿ ದಾಖಲಾಗಿವೆ. ಎರಡನೆಯದರ ಔಚಿತ್ಯವನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಕೋಟ್ಯಂತರ ಜನ ದಿನವೂ ನೋಡುತ್ತಿದ್ದ ಆ ಪರದೆಗಳು ಹೇಗಿದ್ದುವು, ಆಡುವವನನ್ನು ಯಾವ ಮಾತಿನಿಂದ ಕರೆಯುತ್ತಿದ್ದುವು, ಸೋತವನಿಗೆ ಏನು ತೋರಿಸುತ್ತಿದ್ದುವು ಎಂಬುದನ್ನು ರಾಜ್ಯಪತ್ರ ಹೇಳುವುದಿಲ್ಲ.

ಸದ್ಯಕ್ಕೆ ನಮ್ಮ ಕಾಲೇಜುಗಳ ಕೈಯಲ್ಲಿ ಆಗುವ ಕೆಲಸವೊಂದಿದೆ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟೆಂದು ಬಾಡಿಗೆ ತೆತ್ತು ‘ಕೌಂಟರ್-ಸ್ಟ್ರೈಕ್’ ಆಡಿದ ಹುಡುಗರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಆ ಕೆಫೆಗಳನ್ನು ನಡೆಸಿದವರಲ್ಲಿ ಕೆಲವರಾದರೂ ಲೆಕ್ಕದ ಪುಸ್ತಕಗಳನ್ನು ಇನ್ನೂ ಎಸೆದಿರಲಾರರು. ಹಳೆಯ ಗುಂಡಿಯ ಫೋನುಗಳು ಅನೇಕ ಮನೆಗಳ ಕಪಾಟುಗಳಲ್ಲಿ ಒಳಗಿನ ಆಟಗಳ ಸಮೇತ ಬಿದ್ದಿವೆ. ಬ್ಯಾಟರಿ ಉಬ್ಬಿ ಕೆಡುವ ಮುನ್ನ ಅವನ್ನು ತೆರೆದು, ಪರದೆಯ ಛಾಯಾಚಿತ್ರ ತೆಗೆದು, ಆಡಿದವರ ಹೇಳಿಕೆಯನ್ನು ತೇದಿ ಸಹಿತ ಬರೆದಿಡಲು ಒಬ್ಬ ವಿದ್ಯಾರ್ಥಿಗೆ ಒಂದು ಮಧ್ಯಾಹ್ನ ಸಾಕು.